ಓದುಗರ ಪ್ರಶ್ನೆ, ವೈದ್ಯರ ಉತ್ತರ: ನೂರರಲ್ಲಿ ಎಷ್ಟು ಮಂದಿಗೆ?

ಈ ಸಲ ಬಂದ ಪತ್ರಗಳಲ್ಲಿ ರೋಗಕ್ಕಿಂತ ಅಂಕಿಗಳ ಚಿಂತೆಯೇ ಹೆಚ್ಚು. ಬಿಪಿಯ ಅಂಕಿ, ಶುಗರ್ ಅಂಕಿ, ಪತ್ರಿಕೆಯಲ್ಲಿ ಕಂಡ ಶೇಕಡಾ ಅಂಕಿ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮನೆಯಲ್ಲಿ ನೋಡಿಕೊಂಡರೆ ಬಿಪಿ 128/80 ಇರುತ್ತದೆ. ಆಸ್ಪತ್ರೆಗೆ ಹೋದರೆ 150/92. ನಮ್ಮ ಯಂತ್ರ ಕೆಟ್ಟಿದೆಯೇ? ಯಾವುದನ್ನು ನಂಬುವುದು?

ಉತ್ತರ: ಎರಡೂ ಸರಿಯಿರಬಹುದು, ಎರಡೂ ತಪ್ಪಿರಬಹುದು. ರಕ್ತದೊತ್ತಡ ನಿಮ್ಮ ಎತ್ತರದ ಹಾಗೆ ಒಂದೇ ಕಡೆ ನಿಲ್ಲುವ ಅಂಕಿಯಲ್ಲ. ಮಾತಾಡಿದರೆ ಏರುತ್ತದೆ, ಮಲಗಿದರೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಮಾತ್ರ ಏರುವುದನ್ನು ‘ಬಿಳಿ ಕೋಟಿನ ಬಿಪಿ’ ಎನ್ನುತ್ತಾರೆ. ಇದಕ್ಕೆ ತದ್ವಿರುದ್ಧವಾದದ್ದೂ ಇದೆ: ಆಸ್ಪತ್ರೆಯಲ್ಲಿ ಸರಿಯಾಗಿದ್ದು, ಮನೆಯಲ್ಲಿ ಹೆಚ್ಚಾಗಿರುವುದು. ಯಾರ ಕಣ್ಣಿಗೂ ಬೀಳದೆ ಹೃದಯ, ಮೂತ್ರಪಿಂಡಗಳನ್ನು ಸವೆಸುವುದರಿಂದ ಈ ಎರಡನೆಯದೇ ಹೆಚ್ಚು ಅಪಾಯಕಾರಿ.

ಯಾವುದನ್ನು ನಂಬಬೇಕು ಎಂಬುದಕ್ಕಿಂತ ಮೊದಲು, ಅಳೆದ ಬಗೆ ಸರಿಯೇ ಎಂದು ನೋಡಿ. ಅಳೆಯುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಟೀ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ತುಂಬಿದ ಮೂತ್ರಕೋಶವೂ ಅಂಕಿಯನ್ನು ಏರಿಸುತ್ತದೆ. ಬೆನ್ನಿಗೆ ಆನಿಕೆ ಇರುವ ಕುರ್ಚಿಯಲ್ಲಿ, ಎರಡೂ ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಸುಮ್ಮನೆ ಕೂರಿ. ಸುಮ್ಮನೆ ಎಂದರೆ ಫೋನೂ ಇಲ್ಲ, ಮಾತೂ ಇಲ್ಲ. ಅಳೆಯುವಾಗ ಮಾತಾಡಿದರೆ ಅಷ್ಟಕ್ಕೇ ಮೇಲಿನ ಅಂಕಿ ಹತ್ತರಷ್ಟು ಏರಬಹುದು. ಪಟ್ಟಿಯನ್ನು ಬರಿ ತೋಳಿಗೆ ಕಟ್ಟಬೇಕು, ಅಂಗಿಯ ತೋಳಿನ ಮೇಲಲ್ಲ. ಅಂಗಿಯನ್ನು ಮೇಲಕ್ಕೆ ಸುತ್ತಿ ಬಿಗಿ ಮಾಡುವುದೂ ಸಲ್ಲ. ಕೈಯನ್ನು ಮೇಜಿನ ಮೇಲೆ ಇಟ್ಟು, ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ ಮಾಡಿಕೊಳ್ಳಿ. ಪಟ್ಟಿ ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಒತ್ತಡ ಏಳೆಂಟು ಅಂಕ ಹೆಚ್ಚು ತೋರಿಸುತ್ತದೆ. ಇದು ಯಂತ್ರದ ದೋಷವಲ್ಲ, ಅಷ್ಟು ಎತ್ತರದ ರಕ್ತದ ಕಂಬದ ಭಾರ. ಮಣಿಕಟ್ಟಿಗೆ ಕಟ್ಟುವ ಯಂತ್ರಗಳು ಎಡವುವುದು ಬಹುಪಾಲು ಇಲ್ಲಿಯೇ.

ಹೆಚ್ಚಿನವರು ಗಮನಿಸದ ಸಂಗತಿ ಪಟ್ಟಿಯ ಅಳತೆ. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ 80ರಷ್ಟನ್ನಾದರೂ ಆವರಿಸಬೇಕು, ಅದರ ಅಗಲ ಸುತ್ತಳತೆಯ ಶೇ 40ರಷ್ಟಿರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಹುಟ್ಟಿಕೊಳ್ಳುತ್ತದೆ. ಟೇಪಿನಿಂದ ತೋಳಿನ ನಡುಭಾಗವನ್ನು ಒಮ್ಮೆ ಅಳೆದು, ಪಟ್ಟಿಯ ಮೇಲೆ ಅಚ್ಚಾಗಿರುವ ಸೆಂ.ಮೀ. ಮಿತಿಯೊಂದಿಗೆ ಹೋಲಿಸಿ.

ಮೊದಲ ದಿನ ಎರಡೂ ತೋಳುಗಳಲ್ಲಿ ನೋಡಿ, ಹೆಚ್ಚು ತೋರಿಸಿದ ತೋಳನ್ನೇ ಮುಂದೆ ಬಳಸಿ. ಎರಡರ ನಡುವೆ 15ಕ್ಕಿಂತ ಹೆಚ್ಚಿನ ವ್ಯತ್ಯಾಸ ಮತ್ತೆ ಮತ್ತೆ ಕಂಡರೆ ವೈದ್ಯರಿಗೆ ಹೇಳಿ. ಒಂದು ಕಡೆಯ ರಕ್ತನಾಳ ಕಿರಿದಾಗಿರಬಹುದು. ಆಮೇಲೆ ಏಳು ದಿನ, ಬೆಳಿಗ್ಗೆ ಮಾತ್ರೆ ನುಂಗುವ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ಅಳೆಯಿರಿ. ಕಂಡದ್ದನ್ನೆಲ್ಲ ಬರೆಯಿರಿ. ಚೆನ್ನಾಗಿ ಬಂದದ್ದನ್ನು ಮಾತ್ರ ಬರೆಯುವ ಚಾಳಿ ಬೇಡ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಆ ಸರಾಸರಿ 135/85 ಮುಟ್ಟಿದರೆ ಅದು ಆಸ್ಪತ್ರೆಯ 140/90ಕ್ಕೆ ಸಮ. ನಾಡಿ ಲಯ ತಪ್ಪಿ ಬಡಿಯುವವರಲ್ಲಿ ಸ್ವಯಂಚಾಲಿತ ಯಂತ್ರ ಒಂದೊಂದು ಸಲಕ್ಕೆ ಒಂದೊಂದು ಅಂಕಿ ತೋರಿಸುತ್ತದೆ. ಅಂಥವರು ಮೂರು ಸಲ ನೋಡಬೇಕು, ಇಲ್ಲವೇ ವೈದ್ಯರಿಂದ ಕೈಯಾರೆ ಅಳೆಸಬೇಕು.

ಅಳತೆಯ ಬಗ್ಗೆ ಇಷ್ಟು ಹಟ ಏಕೆಂದರೆ, ಮಾತ್ರೆಯ ಗುರಿಗಳೆಲ್ಲ ಅಳೆದ ವಿಧಾನದ ಮೇಲೆ ನಿಂತಿವೆ. 2015ರಲ್ಲಿ ಪ್ರಕಟವಾದ ಸ್ಪ್ರಿಂಟ್ ಅಧ್ಯಯನದಲ್ಲಿ ಮಧುಮೇಹವಿಲ್ಲದ, 50 ದಾಟಿದ 9,361 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಮೇಲಿನ ಅಂಕಿಯನ್ನು 140ರ ಕೆಳಗೆ, ಇನ್ನೊಂದರದನ್ನು 120ರ ಕೆಳಗೆ ತರುವುದು ಗುರಿ. 120ರ ಗುಂಪಿನಲ್ಲಿ ಹೃದಯ ಮತ್ತು ರಕ್ತನಾಳದ ಅನಾಹುತಗಳು ಶೇ 25ರಷ್ಟು ಕಡಿಮೆಯಾದವು. ತಲೆಸುತ್ತಿ ಪ್ರಜ್ಞೆ ತಪ್ಪುವುದು, ಮೂತ್ರಪಿಂಡಕ್ಕೆ ದಿಢೀರ್ ಪೆಟ್ಟು ಬೀಳುವುದು ಹೆಚ್ಚಿದವು. ಆದರೆ ಅಲ್ಲಿ ಬಿಪಿ ಅಳೆದದ್ದು ಐದು ನಿಮಿಷ ಕೂರಿಸಿ, ಯಂತ್ರದಿಂದ ಮೂರು ಸಲ, ಹಲವು ಕೇಂದ್ರಗಳಲ್ಲಿ ಸಿಬ್ಬಂದಿ ಪಕ್ಕದಲ್ಲಿ ನಿಲ್ಲದೆ. ಆ 120 ಎಂಬ ಗುರಿಯನ್ನು, ಮೆಟ್ಟಿಲು ಹತ್ತಿ ಬಂದವರಿಗೆ ಅವಸರದಲ್ಲಿ ಪಟ್ಟಿ ಕಟ್ಟಿ ನೋಡಿದ ಅಂಕಿಗೆ ಅಂಟಿಸಿದರೆ ರೋಗಿಗೆ ಬೇಕಿಲ್ಲದ ಮಾತ್ರೆ ಬೀಳುತ್ತದೆ.

ಪ್ರಶ್ನೆ: ಕೊಲೆಸ್ಟರಾಲ್ ಮಾತ್ರೆ ಹೃದಯಾಘಾತವನ್ನು ಶೇ 31ರಷ್ಟು ತಗ್ಗಿಸುತ್ತದೆ ಎಂದು ಓದಿದೆ. ಅಂದರೆ ನೂರು ಜನ ಸೇವಿಸಿದರೆ 31 ಮಂದಿ ಪಾರಾಗುತ್ತಾರೆಯೇ?

ಉತ್ತರ: ಇಲ್ಲ. ಈ ತಪ್ಪು ನಿಮ್ಮದಲ್ಲ, ಹಾಗೆ ಅರ್ಥವಾಗುವಂತೆ ಬರೆದವರದು.

ಶೇ 31 ಎಂಬ ಅಂಕಿ 1995ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನದ್ದು. ಕೊಲೆಸ್ಟರಾಲ್ ಹೆಚ್ಚಿದ್ದ, ಅಲ್ಲಿಯವರೆಗೆ ಹೃದಯಾಘಾತವಾಗದ, 45ರಿಂದ 64 ವಯಸ್ಸಿನ ಗಂಡಸರಲ್ಲಿ 3,302 ಮಂದಿಗೆ ದಿನಕ್ಕೆ 40 ಮಿ.ಗ್ರಾಂ. ಪ್ರಾವಸ್ಟಾಟಿನ್, 3,293 ಮಂದಿಗೆ ಅದೇ ರೂಪದ, ಮದ್ದಿಲ್ಲದ ಹುಸಿಮಾತ್ರೆ. ಸುಮಾರು ಐದು ವರ್ಷ ಕಳೆದಾಗ ಹುಸಿಮಾತ್ರೆಯ ಗುಂಪಿನಲ್ಲಿ 248 ಮಂದಿಗೆ ಹೃದಯಾಘಾತ ಅಥವಾ ಹೃದ್ರೋಗದ ಸಾವು, ಮದ್ದಿನ ಗುಂಪಿನಲ್ಲಿ 174 ಮಂದಿಗೆ. ಸಾವಿರಕ್ಕೆ ಲೆಕ್ಕ ಹಾಕಿದರೆ 75 ಇದ್ದದ್ದು 53ಕ್ಕೆ ಇಳಿಯಿತು. ಪಾರಾದವರು ಸಾವಿರಕ್ಕೆ 22. ಅಂದರೆ ಸುಮಾರು 45 ಮಂದಿ ಐದು ವರ್ಷ ಮಾತ್ರೆ ನುಂಗಿದರೆ ಒಬ್ಬರು ಪಾರು. ಉಳಿದ 44 ಮಂದಿಯಲ್ಲಿ ಹೆಚ್ಚಿನವರಿಗೆ ಮಾತ್ರೆ ಇಲ್ಲದಿದ್ದರೂ ಏನೂ ಆಗುತ್ತಿರಲಿಲ್ಲ. ಕೆಲವರಿಗೆ ಮಾತ್ರೆ ಇದ್ದರೂ ಆಯಿತು.

‘ಶೇ 31’ ಕೂಡ ಸುಳ್ಳಲ್ಲ. ಅದು ಇದ್ದ ಅಪಾಯದಲ್ಲಿ ಎಷ್ಟು ಪಾಲು ಕಡಿಮೆಯಾಯಿತು ಎಂಬ ಲೆಕ್ಕ. ಆ ಪಾಲು ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ ಇರುತ್ತದೆ, ಆದರೆ ಎಷ್ಟರಲ್ಲಿ ಅಷ್ಟು ಪಾಲು ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. 1994ರಲ್ಲಿ ಸ್ಕ್ಯಾಂಡಿನೇವಿಯಾದ ಅಧ್ಯಯನವೊಂದು ಸಿಂವಾಸ್ಟಾಟಿನ್ ಅನ್ನು ಆಗಲೇ ಹೃದ್ರೋಗ ಬಂದಿದ್ದ 4,444 ಮಂದಿಯಲ್ಲಿ ಪರೀಕ್ಷಿಸಿತು. ಅಲ್ಲೂ ತಗ್ಗಿದ ಪಾಲು ಶೇ 30ರ ಆಸುಪಾಸು. ಆದರೆ ಹುಸಿಮಾತ್ರೆಯ 2,223 ಮಂದಿಯಲ್ಲಿ 256 ಸಾವು, ಮದ್ದಿನ 2,221 ಮಂದಿಯಲ್ಲಿ 182. ಮೂವತ್ತು ಮಂದಿಗೆ ಒಂದು ಜೀವ ಉಳಿದ ಹಾಗಾಯಿತು. ಇಲ್ಲಿ ಎಣಿಸಿದ್ದು ಬರೀ ಹೃದಯಾಘಾತವನ್ನಲ್ಲ, ಸಾವನ್ನೇ. ಹಾಗಾಗಿ ಸ್ಟಾಟಿನ್ (ಈ ಜಾತಿಯ ಕೊಲೆಸ್ಟರಾಲ್ ಮಾತ್ರೆ) ಬೇಕೋ ಬೇಡವೋ ಎಂಬ ಪ್ರಶ್ನೆಗೆ ಕೊಲೆಸ್ಟರಾಲ್ ಅಂಕಿಯೊಂದೇ ಉತ್ತರ ಹೇಳಲಾರದು. ವಯಸ್ಸು, ಬಿಪಿ, ಸಿಗರೇಟು, ಮಧುಮೇಹ ಸೇರಿಸಿ ಹತ್ತು ವರ್ಷದ ಅಪಾಯ ಎಷ್ಟು ಎಂದು ವೈದ್ಯರನ್ನು ಕೇಳಿ. ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ಓದಿ ಮಾತ್ರೆ ನಿಲ್ಲಿಸಬಾರದು. ಲೆಕ್ಕ ಅವರ ಪರವಾಗಿಯೇ ಇದೆ.

ಪ್ರಶ್ನೆ: ನನಗೆ ಯಾವ ತೊಂದರೆಯೂ ಇಲ್ಲ. ತಪಾಸಣೆಯ ಪ್ಯಾಕೇಜಿನಲ್ಲಿ ಒಂದು ಪರೀಕ್ಷೆ ಪಾಸಿಟಿವ್ ಬಂತು. ಪರೀಕ್ಷೆ ಶೇ 95 ನಿಖರ ಎಂದಿದ್ದಾರೆ. ಹಾಗಾದರೆ ರೋಗ ಇರುವ ಸಾಧ್ಯತೆ ಶೇ 95 ತಾನೇ?

ಉತ್ತರ: ಅಲ್ಲ. ಬಹುಶಃ ಅದರ ಹತ್ತಿರಕ್ಕೂ ಬರುವುದಿಲ್ಲ. ಒಂದು ಕಾಗದ, ಪೆನ್ನು ತೆಗೆದುಕೊಳ್ಳಿ.

ರೋಗವೊಂದು ನೂರರಲ್ಲಿ ಒಬ್ಬರಿಗೆ ಇದೆ ಎನ್ನಿ. ಪರೀಕ್ಷೆ ರೋಗವಿದ್ದವರಲ್ಲಿ ಶೇ 90 ಮಂದಿಯನ್ನು ಹಿಡಿಯುತ್ತದೆ, ರೋಗವಿಲ್ಲದವರಲ್ಲಿ ಶೇ 95 ಮಂದಿಗೆ ‘ಇಲ್ಲ’ ಎಂದು ಸರಿಯಾಗಿ ಹೇಳುತ್ತದೆ. ಹತ್ತು ಸಾವಿರ ಮಂದಿಗೆ ಮಾಡಿಸಿದರೆ ರೋಗವಿರುವವರು 100. ಅವರಲ್ಲಿ 90 ಮಂದಿಗೆ ಪಾಸಿಟಿವ್. ರೋಗವಿಲ್ಲದವರು 9,900, ಅವರಲ್ಲಿ ಶೇ 5, ಅಂದರೆ 495 ಮಂದಿಗೂ ಪಾಸಿಟಿವ್. ಒಟ್ಟು 585 ಪಾಸಿಟಿವ್‌ಗಳಲ್ಲಿ ನಿಜವಾದವು 90. ನಿಮ್ಮ ಸಾಧ್ಯತೆ ಶೇ 15ರಷ್ಟು ಮಾತ್ರ.

ಇದೇ ಪರೀಕ್ಷೆಯನ್ನು ರೋಗಲಕ್ಷಣ ಕಂಡು ವೈದ್ಯರು ಅನುಮಾನಪಟ್ಟು ಬರೆದುಕೊಟ್ಟವರಲ್ಲಿ ಮಾಡಿ. ಅಂಥವರಲ್ಲಿ ಐವರಲ್ಲಿ ಒಬ್ಬರಿಗೆ ರೋಗವಿದೆ ಎಂದುಕೊಂಡರೆ, ಹತ್ತು ಸಾವಿರದಲ್ಲಿ 1,800 ನಿಜವಾದ ಪಾಸಿಟಿವ್, 400 ಹುಸಿ. ಸಾಧ್ಯತೆ ಶೇ 82ಕ್ಕೆ ಏರಿತು. ಪರೀಕ್ಷೆ ಬದಲಾಗಲಿಲ್ಲ, ಪರೀಕ್ಷಿಸಿಕೊಂಡವರು ಬದಲಾದರು. ‘ಎಲ್ಲವನ್ನೂ ಒಮ್ಮೆ ನೋಡಿಬಿಡೋಣ’ ಎಂಬ ಪ್ಯಾಕೇಜುಗಳ ತೊಡಕು ಇದೇ. ಅಲ್ಲದೆ ಎಷ್ಟೋ ರಕ್ತಪರೀಕ್ಷೆಗಳ ‘ನಾರ್ಮಲ್’ ಮಿತಿಯನ್ನು ಆರೋಗ್ಯವಂತರಲ್ಲಿ ಶೇ 95 ಮಂದಿ ಒಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿಸಿದರೆ, ಪೂರ್ತಿ ಆರೋಗ್ಯವಂತನಿಗೂ ಒಂದಾದರೂ ಮಿತಿಯ ಹೊರಗೆ ಬೀಳುವ ಸಾಧ್ಯತೆ ಶೇ 64.

ನೀವು ಈಗ ಮಾಡಬೇಕಾದದ್ದು ಮೊದಲ ಪರೀಕ್ಷೆಗಿಂತ ಬೇರೆ ತತ್ತ್ವದ, ಹೆಚ್ಚು ಖಚಿತವಾದ ಎರಡನೆಯ ಪರೀಕ್ಷೆ. ಅದೇ ಪರೀಕ್ಷೆಯನ್ನು ಅದೇ ರೀತಿ ಮತ್ತೆ ಮಾಡಿಸಿದರೆ, ಮೊದಲ ಸಲ ಅದನ್ನು ಏಮಾರಿಸಿದ ಕಾರಣವೇ ಎರಡನೆಯ ಸಲವೂ ಏಮಾರಿಸಬಹುದು.

ಪ್ರಶ್ನೆ: ಎಚ್‌ಬಿಎ1ಸಿ 6.1 ಬಂದಿದೆ, ಖಾಲಿ ಹೊಟ್ಟೆಯ ಸಕ್ಕರೆ 97. ಒಂದು ಪ್ರಕಾರ ಮಧುಮೇಹದ ಹೊಸ್ತಿಲು, ಇನ್ನೊಂದು ಪ್ರಕಾರ ಸರಿ. ಈಗಲೇ ಮೆಟ್‌ಫಾರ್ಮಿನ್ ಶುರುಮಾಡಬೇಕೇ?

ಉತ್ತರ: ಮೊದಲು ಅಂಕಿಗಳ ಜಗಳ ಬಿಡಿಸೋಣ. ಎಚ್‌ಬಿಎ1ಸಿ ಎಂದರೆ ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಸಕ್ಕರೆ. ಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ಅದು ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಕಣದ ಆಯಸ್ಸು ಏರುಪೇರಾದರೆ ಅಂಕಿಯೂ ಏರುಪೇರು. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಕಣಗಳು ಬೇಗ ಒಡೆಯುವ ಕಾಯಿಲೆಯಲ್ಲಿ, ಇತ್ತೀಚೆಗೆ ರಕ್ತ ಹೋಗಿದ್ದರೆ ಅಥವಾ ರಕ್ತ ಏರಿಸಿದ್ದರೆ ಕಡಿಮೆ ತೋರಿಸಬಹುದು. ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡದೆ 6.1ರ ಮೇಲೆ ತೀರ್ಪು ಕೊಡುವುದು ಸರಿಯಲ್ಲ. ಇನ್ನು ಆ 97. ರಕ್ತವನ್ನು ಫ್ಲೋರೈಡ್ ಇಲ್ಲದ ನಳಿಕೆಯಲ್ಲಿ ಗಂಟೆಗಟ್ಟಲೆ ಇಟ್ಟರೆ ಕಣಗಳು ಅದರೊಳಗಿನ ಸಕ್ಕರೆಯನ್ನು ಗಂಟೆಗೆ ಶೇ 5ರಿಂದ 7ರಷ್ಟು ತಿಂದುಹಾಕುತ್ತವೆ. 105 ಇದ್ದದ್ದು 97 ಆಗಲು ಹೆಚ್ಚು ಹೊತ್ತು ಬೇಡ.

ಜಗಳ ತೀರದಿದ್ದರೆ ಗ್ಲೂಕೋಸ್ ಕುಡಿಸಿ ನೋಡುವ ಪರೀಕ್ಷೆ ಇದೆ. ಎಂಟು ಗಂಟೆ ಉಪವಾಸ, ಮೊದಲ ರಕ್ತ, ಆಮೇಲೆ 75 ಗ್ರಾಂ ಗ್ಲೂಕೋಸನ್ನು 250ರಿಂದ 300 ಮಿ.ಲೀ. ನೀರಿನಲ್ಲಿ ಕರಗಿಸಿ ಐದು ನಿಮಿಷದೊಳಗೆ ಕುಡಿಯುವುದು, ಕುಡಿಯಲು ತೊಡಗಿದ ಹೊತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಎರಡನೆಯ ರಕ್ತ. ನಡುವೆ ಓಡಾಟ, ಸಿಗರೇಟು ಬೇಡ. ಪರೀಕ್ಷೆ ಹಾಳಾಗುವುದು ಮುಖ್ಯವಾಗಿ ಮುಂಚಿನ ಮೂರು ದಿನಗಳಲ್ಲಿ: ‘ಪರೀಕ್ಷೆ ಇದೆಯಲ್ಲ’ ಎಂದು ಹೆದರಿ ಪಿಷ್ಟ, ಸಿಹಿ ಎಲ್ಲ ಬಿಟ್ಟರೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುವ ಚುರುಕು ಕಳೆದುಕೊಂಡು, ಅಂಕಿ ಸುಳ್ಳೇ ಏರುತ್ತದೆ. ಆ ಮೂರು ದಿನ ದಿನಕ್ಕೆ 150 ಗ್ರಾಂ ಆದರೂ ಕಾರ್ಬೊಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಎರಡು ಗಂಟೆಯ ಅಂಕಿ 140ರಿಂದ 199 ಇದ್ದರೆ ಹೊಸ್ತಿಲು. 200 ಮುಟ್ಟಿದರೆ ಮಧುಮೇಹ. ಆದರೆ ಲಕ್ಷಣಗಳಿಲ್ಲದಿದ್ದರೆ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಬೇಕು.

ಮೆಟ್‌ಫಾರ್ಮಿನ್ ವಿಚಾರ. 2002ರಲ್ಲಿ ಫಲಿತಾಂಶ ಪ್ರಕಟಿಸಿದ ಅಮೆರಿಕದ ಮಧುಮೇಹ ತಡೆ ಅಧ್ಯಯನ ಹೊಸ್ತಿಲಿನಲ್ಲಿದ್ದ 3,234 ಮಂದಿಯನ್ನು ಮೂರು ಗುಂಪು ಮಾಡಿತು: ಹುಸಿಮಾತ್ರೆ, ದಿನಕ್ಕೆರಡು ಸಲ 850 ಮಿ.ಗ್ರಾಂ. ಮೆಟ್‌ಫಾರ್ಮಿನ್, ಇಲ್ಲವೇ ಜೀವನಕ್ರಮದ ಬದಲಾವಣೆ. ಮೂರನೆಯದರ ಗುರಿ ತೂಕದಲ್ಲಿ ಶೇ 7 ಇಳಿಕೆ, ವಾರಕ್ಕೆ 150 ನಿಮಿಷ ಬಿರುಸು ನಡಿಗೆಯಷ್ಟು ಶ್ರಮ. ಮೂರು ವರ್ಷಕ್ಕೆ ಮಧುಮೇಹ ಬಂದವರು ನೂರಕ್ಕೆ ಕ್ರಮವಾಗಿ 29, 22, 14. ಒಬ್ಬರನ್ನು ಮೂರು ವರ್ಷ ಮಧುಮೇಹದಿಂದ ದೂರವಿಡಲು ನಡಿಗೆ, ಆಹಾರದ ಹಾದಿಯಲ್ಲಿ ಏಳು ಮಂದಿ ಸಾಕು. ಮಾತ್ರೆಯ ಹಾದಿಯಲ್ಲಿ ಹದಿನಾಲ್ಕು ಮಂದಿ ಬೇಕು. ತುಂಬ ತೂಕವಿದ್ದವರಲ್ಲಿ, ಎಳೆಯ ವಯಸ್ಸಿನವರಲ್ಲಿ ಮಾತ್ರೆ ಚೆನ್ನಾಗಿ ಕೆಲಸ ಮಾಡಿತು; 60 ದಾಟಿದವರಲ್ಲಿ ಅದರಿಂದ ಹೆಚ್ಚೇನೂ ಆಗಲಿಲ್ಲ, ನಡಿಗೆಯಿಂದ ಮಾತ್ರ ಬಹಳ ಆಯಿತು.

ಒಂದು ಮಾತು ಸೇರಿಸಬೇಕು. ಆ ಜೀವನಕ್ರಮದ ಗುಂಪಿಗೆ ಸಿಕ್ಕಿದ್ದು ‘ಸ್ವಲ್ಪ ನಡೀರಿ’ ಎಂಬ ಸಲಹೆಯಲ್ಲ. ಪ್ರತಿಯೊಬ್ಬರಿಗೂ ಮಾರ್ಗದರ್ಶಕರು, ಮೊದಲ 24 ವಾರಗಳಲ್ಲಿ 16 ಪಾಠಗಳು, ತಿಂದದ್ದು ಮತ್ತು ನಡೆದದ್ದು ಬರೆದಿಡುವ ಪುಸ್ತಕ ಇದ್ದವು. ಬಾಯಿಮಾತಿನ ಸಲಹೆಯಿಂದ ಅದೇ ಫಲ ಬರುತ್ತದೆ ಎಂದು ಆ ಅಧ್ಯಯನ ಹೇಳಿಲ್ಲ. ನೀವು 80 ಕೆ.ಜಿ. ಇದ್ದರೆ ಗುರಿ ಐದೂವರೆ ಕೆ.ಜಿ. ಆರು ತಿಂಗಳು ಗಡುವು ಹಾಕಿಕೊಳ್ಳಿ, ವಾರಕ್ಕೊಮ್ಮೆ ತೂಕ ಬರೆಯಿರಿ, ಆಮೇಲೆ ಎಚ್‌ಬಿಎ1ಸಿ ಮತ್ತೆ ನೋಡಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಳ್ಳುವವರು ವಿಟಮಿನ್ ಬಿ12 ಮಟ್ಟವನ್ನು ಆಗಾಗ ಪರೀಕ್ಷಿಸಬೇಕು.

ಪ್ರಶ್ನೆ: ವಯಸ್ಸು 72. ಹೃದಯದ ತೊಂದರೆ ಇಲ್ಲ. ಮುಂಜಾಗ್ರತೆಗೆಂದು ದಿನಕ್ಕೊಂದು ಸಣ್ಣ ಆಸ್ಪಿರಿನ್ ತೆಗೆದುಕೊಳ್ಳಲೇ?

ಉತ್ತರ: ಬೇಡ. 2018ರಲ್ಲಿ ಬಂದ ಆಸ್‌ಪ್ರೀ ಅಧ್ಯಯನ ನಿಮ್ಮಂಥವರಲ್ಲೇ ನಡೆದದ್ದು: ಬಹುತೇಕ 70 ದಾಟಿದ, ಹೃದ್ರೋಗವಿಲ್ಲದ 19,114 ಮಂದಿ, ದಿನಕ್ಕೆ 100 ಮಿ.ಗ್ರಾಂ., ಐದು ವರ್ಷಕ್ಕೆ ತುಸು ಕಡಿಮೆ. ಹೃದಯಕ್ಕೆ ಗಣನೀಯ ಲಾಭ ಕಾಣಲಿಲ್ಲ. ಗಂಭೀರ ರಕ್ತಸ್ರಾವ ಆಸ್ಪಿರಿನ್ ಗುಂಪಿನಲ್ಲಿ ಶೇ 3.8, ಹುಸಿಮಾತ್ರೆಯಲ್ಲಿ ಶೇ 2.8. ಹೃದಯಾಘಾತ, ಪಾರ್ಶ್ವವಾಯು ಆದವರ, ಸ್ಟೆಂಟ್ ಇರುವವರ ಲೆಕ್ಕ ಪೂರ್ತಿ ಬೇರೆ. ಅವರು ತಾವಾಗಿ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು.

ಪ್ರಶ್ನೆ: ಮದ್ದು ತೆಗೆದುಕೊಂಡು ರಿಪೋರ್ಟ್ ಸರಿಹೋದರೆ ಸಾಕಲ್ಲವೇ? ಸಾವಿರಾರು ಜನರನ್ನು ವರ್ಷಗಟ್ಟಲೆ ನೋಡುವ ಅಧ್ಯಯನ ಏಕೆ ಬೇಕು?

ಉತ್ತರ: ಸಾಕು ಎಂದೇ ಹೃದಯವೈದ್ಯರೂ ನಂಬಿದ್ದರು. ಹೃದಯಾಘಾತದ ನಂತರ ಕೆಲವರ ಇಸಿಜಿಯಲ್ಲಿ ನಡುನಡುವೆ ಅವೇಳೆಯ ಬಡಿತಗಳು ಕಾಣುತ್ತವೆ. ಅಂಥವರಲ್ಲಿ ಹಠಾತ್ ಸಾವು ಹೆಚ್ಚು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಮದ್ದುಗಳು ಆ ಬಡಿತಗಳನ್ನು ಅಳಿಸಿಹಾಕುತ್ತಿದ್ದವು. ಇಸಿಜಿ ಚೆನ್ನಾಗಿ ಕಂಡಿತು, ಮದ್ದು ಬಳಕೆಗೆ ಬಂತು. ಆಮೇಲೆ ಕಾಸ್ಟ್ ಎಂಬ ಅಧ್ಯಯನ ಶುರುವಾಯಿತು. ಗಮನಿಸಿ, ಮದ್ದಿನಿಂದ ಬಡಿತ ಸರಿಹೋಗುತ್ತದೆ ಎಂದು ಮೊದಲೇ ಖಚಿತವಾದವರನ್ನಷ್ಟೇ ಅದರಲ್ಲಿ ಗುಂಪುಗಳಿಗೆ ಹಂಚಿದ್ದು. 1989ರಲ್ಲಿ ಈ ಎರಡು ಮದ್ದುಗಳ ಭಾಗವನ್ನು ನಡುವಿನಲ್ಲೇ ನಿಲ್ಲಿಸಬೇಕಾಯಿತು. ಸರಾಸರಿ ಹತ್ತು ತಿಂಗಳಲ್ಲಿ ಮದ್ದಿನ 755 ಮಂದಿಯಲ್ಲಿ 63 ಸಾವು, ಹುಸಿಮಾತ್ರೆಯ 743 ಮಂದಿಯಲ್ಲಿ 26. ಇಸಿಜಿ ಸುಧಾರಿಸಿದ್ದು ನಿಜ. ಘಾಸಿಗೊಂಡ ಹೃದಯದಲ್ಲಿ ಅದೇ ಮದ್ದು ಇನ್ನೂ ಘೋರವಾದ ಲಯ ಎಬ್ಬಿಸುತ್ತಿತ್ತು.

ಒಬ್ಬೊಬ್ಬ ವೈದ್ಯರಿಗೆ ಇದು ಗೊತ್ತಾಗುವ ಬಗೆಯೇ ಇರಲಿಲ್ಲ. ಹೃದಯಾಘಾತವಾದ ರೋಗಿ ಕೆಲವು ತಿಂಗಳಲ್ಲಿ ತೀರಿಕೊಂಡರೆ ಹೃದಯವೇ ಕಾರಣ ಎಂದುಕೊಳ್ಳುತ್ತಾರೆ, ಮದ್ದಿನ ಮೇಲೆ ಅನುಮಾನ ಬರುವುದಿಲ್ಲ. ಜೊತೆಗೆ ಹುಸಿಮಾತ್ರೆಯ ಗುಂಪು ಇದ್ದದ್ದರಿಂದಷ್ಟೇ ಬಯಲಾಯಿತು.

ಪ್ರಶ್ನೆ: ಬೇಗ ಪತ್ತೆ ಮಾಡಿದ ಕ್ಯಾನ್ಸರ್ ರೋಗಿಗಳು ಹೆಚ್ಚು ವರ್ಷ ಬದುಕುತ್ತಾರೆ ಎಂದ ಮೇಲೆ ತಪಾಸಣೆಯಿಂದ ಲಾಭವಿದೆ ಎಂದೇ ಅಲ್ಲವೇ?

ಉತ್ತರ: ಹಾಗೆನ್ನಲಾಗದು. ಒಬ್ಬರಿಗೆ 67ರಲ್ಲಿ ಲಕ್ಷಣ ಕಂಡು ಕ್ಯಾನ್ಸರ್ ಪತ್ತೆಯಾಗಿ 70ರಲ್ಲಿ ತೀರಿಕೊಂಡರು ಎನ್ನಿ. ಪತ್ತೆಯಾದ ಮೇಲೆ ಬದುಕಿದ್ದು ಮೂರು ವರ್ಷ. ಅದೇ ವ್ಯಕ್ತಿಗೆ 60ರಲ್ಲೇ ತಪಾಸಣೆಯಿಂದ ಪತ್ತೆಯಾಗಿ, ಚಿಕಿತ್ಸೆ ಏನೂ ಫಲಿಸದೆ 70ರಲ್ಲೇ ತೀರಿಕೊಂಡಿದ್ದರೆ ಹತ್ತು ವರ್ಷ ‘ಬದುಕಿದಂತೆ’ ಲೆಕ್ಕ. ಆಯಸ್ಸು ಒಂದು ದಿನವೂ ಹೆಚ್ಚಲಿಲ್ಲ, ರೋಗಿ ಎನಿಸಿಕೊಂಡ ಕಾಲ ಹೆಚ್ಚಿತು. ಇದರ ಜೊತೆಗೆ, ಎಂದೂ ತೊಂದರೆ ಕೊಡದ ಗೆಡ್ಡೆಗಳೂ ಬಲೆಗೆ ಬೀಳುತ್ತವೆ. ದಕ್ಷಿಣ ಕೊರಿಯಾದಲ್ಲಿ ಥೈರಾಯ್ಡ್ ಅಲ್ಟ್ರಾಸೌಂಡ್ ಹಬ್ಬಿದಾಗ 1993ರಿಂದ 2011ರ ನಡುವೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟು ಏರಿತು. ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಇದ್ದಲ್ಲೇ ಇತ್ತು. ಗಂಟಲು ಕೊಯ್ಸಿಕೊಂಡು ಜೀವನಪರ್ಯಂತ ಹಾರ್ಮೋನ್ ಮಾತ್ರೆ ನುಂಗುವವರು ಮಾತ್ರ ಹೆಚ್ಚಾದರು.

ತಪಾಸಣೆಯೆಲ್ಲ ವ್ಯರ್ಥ ಎಂದಲ್ಲ. ಕೇಳಬೇಕಾದದ್ದು ‘ತಪಾಸಣೆಗೆ ಒಳಗಾದ ಗುಂಪಿನಲ್ಲಿ ಸಾವು ಕಡಿಮೆಯಾಯಿತೇ?’ ಎಂದು. 2011ರ ಅಮೆರಿಕದ ಅಧ್ಯಯನದಲ್ಲಿ 55ರಿಂದ 74 ವಯಸ್ಸಿನ, ವರ್ಷಗಟ್ಟಲೆ ಹೆಚ್ಚು ಸಿಗರೇಟು ಸೇದಿದ್ದ 53,000ಕ್ಕೂ ಮಿಕ್ಕ ಮಂದಿಯಲ್ಲಿ, ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಎಕ್ಸ್‌ರೇ ಗುಂಪಿಗಿಂತ ಶೇ 20ರಷ್ಟು ಕಡಿಮೆಯಿತ್ತು. ಆ ಫಲ ಅಂಥವರಿಗೆ. ಎಂದೂ ಸೇದದವರು ಅದನ್ನು ತಮಗೆ ಅನ್ವಯಿಸಿಕೊಳ್ಳುವಂತಿಲ್ಲ.

ಪ್ರಶ್ನೆ: ಹೊಟ್ಟೆ ಹುಣ್ಣಿಗೆ ಕಾರಣವಾದ ಬ್ಯಾಕ್ಟೀರಿಯಾ ಇದೆಯೇ ಎಂದು ಉಸಿರಿನ ಪರೀಕ್ಷೆ ಮಾಡಿದರು. ‘ಇಲ್ಲ’ ಎಂದು ಬಂತು. ಉರಿ ಮಾತ್ರ ನಿಂತಿಲ್ಲ.

ಉತ್ತರ: ಪರೀಕ್ಷೆಯ ದಿನ ಆಸಿಡ್ ಕಡಿಮೆ ಮಾಡುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆಯಲ್ಲಿದ್ದಿರಾ? ಇದ್ದರೆ ಆ ‘ಇಲ್ಲ’ಕ್ಕೆ ಬೆಲೆ ಕಡಿಮೆ. ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಈ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆಯುತ್ತದೆ. ಗುರುತು ಹಾಕಿದ ಇಂಗಾಲವಿರುವ ಯೂರಿಯಾ ಕುಡಿಸಿ, ಇಪ್ಪತ್ತು ಮೂವತ್ತು ನಿಮಿಷದ ಬಳಿಕ ಉಸಿರಿನಲ್ಲಿ ಆ ಇಂಗಾಲ ಬಂತೇ ಎಂದು ನೋಡುವುದೇ ಪರೀಕ್ಷೆ. ಆಸಿಡ್ ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಅಡಗಿಸುತ್ತದೆ. ಸಂಖ್ಯೆ ತಗ್ಗಿ ಪರೀಕ್ಷೆ ಹುಸಿಯಾಗುತ್ತದೆ. ಈ ಮಾತ್ರೆಗಳನ್ನು ಎರಡು ವಾರ, ಆ್ಯಂಟಿಬಯೋಟಿಕ್ ಮತ್ತು ಬಿಸ್ಮತ್ ಅನ್ನು ನಾಲ್ಕು ವಾರ ಮೊದಲೇ ನಿಲ್ಲಿಸಿರಬೇಕು. ಹುಣ್ಣಿನಿಂದ ರಕ್ತ ಹೋದವರು ವೈದ್ಯರನ್ನು ಕೇಳದೆ ನಿಲ್ಲಿಸಕೂಡದು. ಚಿಕಿತ್ಸೆಯ ನಂತರ ಬ್ಯಾಕ್ಟೀರಿಯಾ ಹೋಯಿತೇ ಎಂದು ನೋಡಲೂ ಕೊನೆಯ ಗುಳಿಗೆಯಿಂದ ನಾಲ್ಕು ವಾರ ಕಾಯಬೇಕು. ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆ ಇದಕ್ಕೆ ಆಗದು. ಬ್ಯಾಕ್ಟೀರಿಯಾ ಹೋದ ಮೇಲೂ ಬಹುಕಾಲ ಅದು ಪಾಸಿಟಿವ್ ಇರುತ್ತದೆ.

ನುಂಗಲು ತೊಡಕು, ತೂಕ ಇಳಿಕೆ, ಕಪ್ಪು ಮಲ ಇದ್ದರೆ ಉಸಿರಿನ ಪರೀಕ್ಷೆಯಲ್ಲಿ ಕಾಲ ಕಳೆಯದೆ ಎಂಡೋಸ್ಕೋಪಿ ಮಾಡಿಸಿ.

ಪ್ರಶ್ನೆ: ಹೃದಯಾಘಾತದ ಮದ್ದೊಂದು ‘ಮಹಿಳೆಯರಲ್ಲಿ ಕೆಲಸ ಮಾಡಲಿಲ್ಲ’ ಎಂದು ಸುದ್ದಿಯಲ್ಲಿತ್ತು. ಒಟ್ಟಾರೆ ಅಧ್ಯಯನ ಯಶಸ್ವಿ ಎಂದೂ ಇತ್ತು. ಹೇಗೆ?

ಉತ್ತರ: ಒಂದು ಅಧ್ಯಯನವನ್ನು ಗಂಡು, ಹೆಣ್ಣು, ವಯಸ್ಸು, ತೂಕ ಎಂದು ಹೋಳು ಮಾಡುತ್ತ ಹೋದರೆ ಯಾವುದಾದರೂ ಹೋಳಿನಲ್ಲಿ ಬರೀ ಆಕಸ್ಮಿಕವಾಗಿ ಫಲ ಮಾಯವಾಗುತ್ತದೆ. 1988ರ ಐಸಿಸ್–2 ಅಧ್ಯಯನದಲ್ಲಿ 17,187 ಹೃದಯಾಘಾತದ ರೋಗಿಗಳಿದ್ದರು. ಆಸ್ಪಿರಿನ್ ಐದು ವಾರಗಳ ಸಾವನ್ನು ಶೇ 23ರಷ್ಟು ತಗ್ಗಿಸಿತು. ಸಂಶೋಧಕರು ಬೇಕೆಂದೇ ರೋಗಿಗಳನ್ನು ಜನ್ಮರಾಶಿಯ ಪ್ರಕಾರ ವಿಂಗಡಿಸಿ ತೋರಿಸಿದರು: ಮಿಥುನ, ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಕೇಡೇ ಆದಂತಿತ್ತು! ಮಹಿಳೆಯರ ವಿಷಯದಲ್ಲಿ ನಿಜವಾದ ವ್ಯತ್ಯಾಸ ಇರಬಾರದೆಂದಿಲ್ಲ. ಅದನ್ನು ಅಧ್ಯಯನಕ್ಕೆ ಮೊದಲೇ ಪ್ರಶ್ನೆಯಾಗಿ ಬರೆದಿಟ್ಟಿದ್ದರೇ, ಬೇರೊಂದು ಅಧ್ಯಯನದಲ್ಲೂ ಮರುಕಳಿಸಿತೇ ಎಂದು ನೋಡಬೇಕು.

ಪ್ರಶ್ನೆ: ಹೊಸ ಮದ್ದಿನ ಪ್ರಯೋಗಕ್ಕೆ ಸೇರುತ್ತೀರಾ ಎಂದು ಕೇಳಿದ್ದಾರೆ. ಚೀಟಿ ಎತ್ತಿದ ಹಾಗೆ ಗುಂಪು ನಿರ್ಧಾರವಾಗುತ್ತದಂತೆ. ನನ್ನನ್ನು ಹುಸಿಮಾತ್ರೆಗೆ ಹಾಕಿದರೆ ಮೋಸವಲ್ಲವೇ?

ಉತ್ತರ: ಮೊದಲೇ ತಿಳಿಸಿ ಒಪ್ಪಿಗೆ ಪಡೆದರೆ ಮೋಸವಲ್ಲ. ಚೀಟಿ ಏಕೆ ಎಂಬುದಕ್ಕೆ 1948ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಅಧ್ಯಯನವನ್ನೇ ನೋಡಿ. ಕ್ಷಯಕ್ಕೆ ಆಗ ಮದ್ದಿರಲಿಲ್ಲ, ಬ್ರಿಟನ್ನಿನಲ್ಲಿ ಸಿಗುತ್ತಿದ್ದ ಸ್ಟ್ರೆಪ್ಟೊಮೈಸಿನ್ ಬಲು ಕಡಿಮೆ. ವೈದ್ಯರ ಇಷ್ಟಕ್ಕೆ ಬಿಟ್ಟರೆ ಬದುಕುವ ಭರವಸೆ ಇರುವವರನ್ನು ಮದ್ದಿಗೆ, ಉಳಿದವರನ್ನು ಇನ್ನೊಂದಕ್ಕೆ ಹಾಕಬಹುದು. ಆಗ ಮದ್ದು ನೀರಾಗಿದ್ದರೂ ಗೆಲ್ಲುತ್ತದೆ. ಅದಕ್ಕಾಗಿ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಯಾದೃಚ್ಛಿಕ ಸಂಖ್ಯೆಗಳಿಂದ ಗುಂಪು ಗೊತ್ತುಮಾಡಿ ಮೊಹರು ಮಾಡಿದ ಲಕೋಟೆಗಳಲ್ಲಿ ಇಟ್ಟರು. ರೋಗಿಯನ್ನು ಸೇರಿಸಿಕೊಂಡ ಮೇಲಷ್ಟೇ ಲಕೋಟೆ ಒಡೆಯಬೇಕು. ಆರು ತಿಂಗಳಲ್ಲಿ ಮದ್ದು ಪಡೆದ 55ರಲ್ಲಿ 4 ಸಾವು, ಹಾಸಿಗೆಯ ವಿಶ್ರಾಂತಿ ಮಾತ್ರ ಪಡೆದ 52ರಲ್ಲಿ 14. ಮದ್ದಿಗೆ ಬಗ್ಗದ ಕ್ಷಯಾಣುಗಳು ಹುಟ್ಟಿಕೊಳ್ಳುತ್ತಿರುವುದೂ ಅಲ್ಲೇ ಕಂಡದ್ದು. ಇವತ್ತು ಕ್ಷಯಕ್ಕೆ ಹಲವು ಮದ್ದು ಒಟ್ಟಿಗೆ ಕೊಡುವುದು ಆ ಪಾಠದಿಂದ.

ಪರಿಣಾಮಕಾರಿ ಚಿಕಿತ್ಸೆ ಇರುವ ಗಂಭೀರ ಕಾಯಿಲೆಯಲ್ಲಿ ಬರೀ ಹುಸಿಮಾತ್ರೆ ಕೊಡುವುದು ಸಾಮಾನ್ಯವಾಗಿ ಸಲ್ಲದು. ಇರುವ ಚಿಕಿತ್ಸೆಯ ಜೊತೆಗೆ ಹೊಸದು ಅಥವಾ ಹುಸಿಮಾತ್ರೆ ಸೇರಿಸುತ್ತಾರೆ, ಇಲ್ಲವೇ ಹಳೆಯದಕ್ಕೆ ಹೊಸದನ್ನು ಹೋಲಿಸುತ್ತಾರೆ. ಇದರಲ್ಲಿ ಯಾವುದು ಎಂದು ಮೊದಲು ಕೇಳಿ. ಪ್ರಯೋಗ ಎಷ್ಟನೆಯ ಹಂತದ್ದು ಎಂಬುದೂ ಮುಖ್ಯ: ಮೊದಲ ಹಂತದಲ್ಲಿ ಬೆರಳೆಣಿಕೆಯಿಂದ ಹಿಡಿದು ಕೆಲವು ಹತ್ತು ಮಂದಿಯಲ್ಲಿ ಸುರಕ್ಷತೆ ಮತ್ತು ಪ್ರಮಾಣವನ್ನು ನೋಡುತ್ತಾರೆ, ಲಾಭದ ನಿರೀಕ್ಷೆ ಅಲ್ಪ, ಮೂರನೆಯ ಹಂತ ಬರುವಷ್ಟರಲ್ಲಿ ಮದ್ದಿನ ಗುಣದೋಷ ಸಾಕಷ್ಟು ಗೊತ್ತಿರುತ್ತದೆ.

ಸಹಿ ಮಾಡುವ ಮೊದಲು ಒಪ್ಪಿಗೆ ಪತ್ರವನ್ನು ಮನೆಗೆ ತನ್ನಿ. ಅಲ್ಲೇ ಸಹಿ ಮಾಡಿ ಎಂದು ಅವಸರಪಡಿಸಿದರೆ ಅದೇ ಅನುಮಾನಕ್ಕೆ ಸಾಕು. ಪತ್ರದಲ್ಲಿ ಹುಡುಕಬೇಕಾದವು: ಎಷ್ಟು ಸಲ ಬರಬೇಕು, ಪ್ರತಿ ಸಲ ಎಷ್ಟು ರಕ್ತ ತೆಗೆಯುತ್ತಾರೆ, ಈಗಿನ ಮಾತ್ರೆಗಳಲ್ಲಿ ಯಾವುದನ್ನಾದರೂ ಬಿಡಬೇಕೇ, ತೊಂದರೆಯಾದರೆ ಚಿಕಿತ್ಸೆಯ ಮತ್ತು ಪರಿಹಾರದ ಹೊಣೆ ಯಾರದು, ರಾತ್ರಿ ಹೊತ್ತಿನಲ್ಲಿ ಯಾರಿಗೆ ಕರೆ ಮಾಡಬೇಕು, ಪ್ರಯೋಗ ಮುಗಿದ ಮೇಲೆ ಮದ್ದು ಫಲಿಸಿದ್ದವರಿಗೆ ಅದು ಮುಂದೆಯೂ ಸಿಗುತ್ತದೆಯೇ. ಕೊನೆಯದಕ್ಕೆ ಹೆಚ್ಚಿನ ಪತ್ರಗಳು ನುಣುಚಿಕೊಳ್ಳುವ ಉತ್ತರ ಕೊಡುತ್ತವೆ, ಒತ್ತಿ ಕೇಳಿ. ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು. ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ಧಕ್ಕೆಯಾಗಬಾರದು. ಆದರೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವ ಮೊದಲು ತಿಳಿಸಿ, ಕೆಲವು ಮದ್ದುಗಳನ್ನು ಹಂತಹಂತವಾಗಿ ಇಳಿಸಬೇಕಾಗುತ್ತದೆ. ಬಿಟ್ಟ ಮೇಲೂ ನಿಮ್ಮ ಆರೋಗ್ಯದ ಮಾಹಿತಿ ಪಡೆಯಲು ಅನುಮತಿ ಕೇಳಿದರೆ, ಆದಲ್ಲಿ ಕೊಡಿ. ಅಡ್ಡಪರಿಣಾಮದಿಂದ ಬಿಟ್ಟುಹೋದವರೆಲ್ಲ ಲೆಕ್ಕದಿಂದ ಮರೆಯಾದರೆ, ಉಳಿದವರನ್ನಷ್ಟೇ ಎಣಿಸಿದ ಮದ್ದು ಇರುವುದಕ್ಕಿಂತ ಸಾಧುವಾಗಿ ಕಾಣುತ್ತದೆ.